ಕಡ್ಡಿ ಕೋಣೆಯ ಲೆಕ್ಕ

ಹಿದ್ದ್‌ನ ಡ್ರೈಡಾಕ್ ಪಕ್ಕ ತಗಡಿನ ಕೋಣೆ, ಒಂದು ಕಿಟಕಿ.
ಹೊರಗೆ ನಲವತ್ತಾರು ಡಿಗ್ರಿ. ಒಲೆಯೊಳಗೆ ನೂರಿಪ್ಪತ್ತು.
ಒಲೆ ನನ್ನದಲ್ಲ, ಕಡ್ಡಿಗಳದು.
ಈ ಕಡಲಗಾಳಿಗೆ ಬೆವರುವ ಚಟ;
ದಿಂಬು ಒದ್ದೆ, ಬೀಗ ಒದ್ದೆ, ರಿಜಿಸ್ಟರಿನ ಹಾಳೆ ಒದ್ದೆ.
ಕಡ್ಡಿಗೆ ಒಂದಿಷ್ಟು ತೇವ ತಾಗಿದರೆ
ಬೆಸೆದ ದಿನ ಏನೂ ಕಾಣದು,
ಮೂರನೆಯ ದಿನ ಒಳಗಿನಿಂದ ಬಿರುಕು.
ಅದಕ್ಕೇ ಕಡ್ಡಿ ಕಾಯುತ್ತದೆ,
ಪಕ್ಕದಲ್ಲಿ ಕೂತು ನಾನೂ ಕಾಯುತ್ತೇನೆ.

ನನ್ನ ಕೈಯಲ್ಲೂ ಹೋಲ್ಡರ್ ಇತ್ತು, ಹದಿನೇಳು ವರ್ಷ.
ಎಡಗಣ್ಣು ಹೋದ ಮೇಲೆ ಈ ಕಿಟಕಿ ಸಿಕ್ಕಿತು.
ಮುಖ ಮಂಜು; ಕೇಳುವ ಸಾಮಾನಿನಿಂದ ಆಳನ್ನು ಗುರುತಿಸುತ್ತೇನೆ.

ಪೆನ್ಸಿಲಿನಂತೆ ಮಸೆದ ಟಂಗ್‌ಸ್ಟನ್ ಮೊನೆ, ಹಪ್ಪಳದಂತೆ
ಜೋಪಾನವಾಗಿ ಹಿಡಿದ ಸ್ಟೀಲ್ ತಂತಿ:
ಲಿಗೋರಿ ಕಸ್ತೆಲಿನೊ, ಶಿರ್ವದವ.
ಒಂದು ಕೈಗೆ ಕಿಡಿ, ಇನ್ನೊಂದಕ್ಕೆ ತಂತಿ,
ಆರ್ಗನ್ ಉಸಿರು ಬಿಡುತ್ತಿರಬೇಕು, ಇವನು ಬಿಡಬಾರದು.
ಇಡೀ ಬೆಳಗ್ಗೆಗೆ ಎರಡು ಪೈಪು.
ಆಮ್ಲ ಹರಿಯುವ ಪೈಪು; ಅವಸರಕ್ಕೆ ಅಲ್ಲಿ ಕೆಲಸವಿಲ್ಲ.

ಸುರುಳಿ ತಂತಿ ಕೇಳುವವ ಮೊಯ್ದಿನ್ ಕುಂಞಿ.
ಬಿಲ್ಲು ಒತ್ತಿದರೆ ಸರಸರ ಓಡುತ್ತದೆ ಅವನ ಮಿಗ್ಗು,
ಹಡಗಿನ ಅಡುಗೆಮನೆಯ ತೆಳು ತಗಡು, ಕಪಾಟು, ಬಾಗಿಲ ಚೌಕಟ್ಟು.
ಶೆಡ್ಡಿನ ಬಾಗಿಲು ತೆರೆದವನಿಗೆ ಮಾತ್ರ
ಬ್ಯಾರಿಯಲ್ಲಿ ಬೈಗುಳ: ಗಾಳಿ ನುಗ್ಗಿದರೆ
ಗ್ಯಾಸಿನ ಹೊದಿಕೆ ಹಾರಿ, ಬೆಸುಗೆಯೆಲ್ಲ ತೂತು.

ಟೇಕ್ ಬಹಾದುರನಿಗೆ ಪುಡಿ ಬೇಕು, ಮೂಟೆಗಟ್ಟಲೆ.
ಅವನ ಯಂತ್ರ ಹಳಿ ಮೇಲೆ ತೆವಳುತ್ತದೆ,
ಪುಡಿಯ ಅಡಿಯಲ್ಲೇ ಉರಿಯುವ ಬೆಂಕಿ, ಒಂದು ಮಿಂಚೂ ಹೊರಗಿಲ್ಲ.
ಹೆಬ್ಬೆರಳು ದಪ್ಪದ ಪ್ಲೇಟು, ಹನ್ನೆರಡು ಮೀಟರ್ ನೇರ ಸಾಲು.
ನನಗೆ ಮೊದಲೇ ಇದು ಸಿಕ್ಕಿದ್ದರೆ
ಕಣ್ಣು ಉಳಿಯುತ್ತಿತ್ತೇನೋ.

ಮೊಫಿಜುಲನ ನೀಲಿ ನಾಲಿಗೆಯ ಜ್ವಾಲೆ ಏಸಿಯ ತಾಮ್ರದ ಕೊಳವೆಗೆ.
ತಾಮ್ರ ಕರಗುವುದಿಲ್ಲ, ನಡುವಿನ ಬೆಳ್ಳಿ ಮಾತ್ರ
ಕರಗಿ ಎರಡನ್ನೂ ಹಿಡಿಯುತ್ತದೆ.
ನಮ್ಮೂರ ಅಕ್ಕಸಾಲಿ ಬಿಳಿಗಾರ ಹಚ್ಚಿ
ಊದುತ್ತಿದ್ದದ್ದು ಇದನ್ನೇ, ಚಿಕ್ಕದಾಗಿ.

ಮದುವೆ ಕಾಗದದಲ್ಲಿ ಅಚ್ಚು ಹಾಕಿಸುತ್ತಾರೆ: ಹೃದಯಗಳ ಬೆಸುಗೆ.
ಯಾವ ಬೆಸುಗೆ ಅಂತ ಬರೆಯುವುದಿಲ್ಲ.

ಇನ್ನು ಯಮನೂರಪ್ಪ. ಬರೀ ಕಡ್ಡಿಯವ.
ಸಿಲಿಂಡರ್ ಬೇಡ, ಶೆಡ್ ಬೇಡ, ಗಾಳಿಗೆ ಅಂಜಿಕೆಯಿಲ್ಲ;
ಹಡಗಿನ ಹೊಟ್ಟೆಯಡಿ ಅಂಗಾತ ಮಲಗಿ
ಕಿಡಿಗಳನ್ನು ಕಾಲರಿನೊಳಗೆ ಇಳಿಸಿಕೊಳ್ಳುತ್ತ,
ಕಿಟ್ಟ ಕುಟ್ಟಿ, ಮತ್ತೆ ಮೇಲೊಂದು ಪದರ.
“ನಲವತ್ತ ಕೊಡ್ರಿ ಯಜಮಾನ್ರ.”
ನಲವತ್ತು ಕೊಟ್ಟರೆ ನಲವತ್ತು ತುಂಡು ವಾಪಸು ಬರಬೇಕು.
ಅವತ್ತು ಮೂವತ್ತೊಂಬತ್ತು.
ಇನ್ನೊಂದೆಲ್ಲಿ ಅಂದೆ. ಬೂಟು ನೋಡಿದ.
“ತೇವ ತಾಗಿತ್ತು, ಎಸೆಯಲಾಗಿದೆ” ಎಂದು ಬರೆದೆ.
ಹಡಗು ನೀರಿಗಿಳಿಯಿತು, ಹೋಯಿತು.

ವರ್ಷದ ಮೇಲೆ, ಮಧ್ಯಾಹ್ನ ಬಿಸಿಲಿಗೆ ಕೆಲಸ ನಿಂತ ಹೊತ್ತು,
ಕಿಟಕಿಗೆ ಒರಗಿ ತಾನೇ ಹೇಳಿದ:
“ನೀರಿನ ಟ್ಯಾಂಕಿನಾಗ, ಮೂಲ್ಯಾಗ ಬರದೇನ್ರಿ. ಪೇಂಟ್ ಬಿದ್ದೈತಿ.”
ಏನು ಬರೆದೆ?
“ರೋಣ. ಮಗ್ಗಲಕ ಒಂದು ಸೊನ್ನಿ. ಮೈಲಿಗಲ್ಲಿನ್ಯಾಗ ಇರ್ತದಲ್ಲ, ಹಂಗ.”
ನಿನ್ನೂರು ಬೆಳವಣಕಿ ಅಲ್ಲವೇನೋ?
“ಹೌದ್ರಿ. ಅದಕ್ಕ ಮೂರು ಕಡ್ಡಿ ಬೇಕಾಗ್ತಾವ.”

ತಪ್ಪೇ ಅದು. ನಕ್ಷೆಯಲ್ಲಿಲ್ಲದ ಬೆಸುಗೆ.
ಈಗ ಯಾವ ಸಮುದ್ರದಲ್ಲಿದ್ದರೂ ಆ ಹಡಗಿಗೆ
ರೋಣ ಸೊನ್ನೆ ಕಿಲೋಮೀಟರ್.
ರಿಜಿಸ್ಟರಿನ ಆ ಸಾಲು ನಾನು ತಿದ್ದಿಲ್ಲ.

ಮಾತಾಡುತ್ತ ಒಲೆಯ ಮುಳ್ಳು ನೂರ ಹತ್ತಕ್ಕೆ ಇಳಿದಿದೆ.
ತಡೆಯಿರಿ, ಬಾಗಿಲು ಹಾಕುತ್ತೇನೆ.